ಫಾಗಿಂಗ್ ಯಂತ್ರ ಕೊಳ್ಳಬೇಕೆ? ಬೆಂಗಳೂರಿನಲ್ಲಿ ಸೋಂಕು ತಡೆಯುವ ಕ್ರಮಗಳು ಎಲ್ಲಿ ಫಲಿಸುತ್ತವೆ ಎಂಬ ಕುರಿತು ಒಂದು ಚರ್ಚೆ

ಚರ್ಚೆ ಆರಂಭಿಸಿದವರು: ನಿವಾಸಿಗಳ ಸಂಘದ ಕಾರ್ಯದರ್ಶಿ, ವಿದ್ಯಾರಣ್ಯಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಒಂದೇ ಅಡ್ಡರಸ್ತೆಯಲ್ಲಿ ಹದಿನೈದು ದಿನಗಳೊಳಗೆ ನಾಲ್ಕು ಮನೆಗಳಲ್ಲಿ ಡೆಂಗಿ ಕಾಣಿಸಿಕೊಂಡಿದೆ. ಏಳನೆಯ ತರಗತಿಯ ಹುಡುಗನೊಬ್ಬ ಐದು ದಿನ ಆಸ್ಪತ್ರೆಯಲ್ಲಿದ್ದು ಮೊನ್ನೆಯಷ್ಟೇ ಮನೆಗೆ ಬಂದಿದ್ದಾನೆ. ಅವನ ತಾಯಿಯ ಮುಖ ನೋಡಿದ ಮೇಲೆ ಸಂಘದವರಾದ ನಾವು ಏನನ್ನೂ ಮಾಡದೆ ಕುಳಿತಿರುವುದು ಸಾಧ್ಯವಿಲ್ಲ ಎನಿಸಿತು.

ಕಳೆದ ಭಾನುವಾರದ ಸಭೆಯಲ್ಲಿ ಸಂಘದ ಠೇವಣಿ ಹಣದಿಂದ ನಮ್ಮದೇ ಒಂದು ಫಾಗಿಂಗ್ ಯಂತ್ರ ಕೊಂಡು ವಾರಕ್ಕೆರಡು ಸಲ ಹೊಗೆ ಹಾಕಿಸಬೇಕೆಂದು ಹೆಚ್ಚಿನ ಸದಸ್ಯರು ಹೇಳಿದರು. ಕೆಲವರು, ನೀರು ನಿಲ್ಲಿಸಿಕೊಂಡವರ ಮನೆಗೆ ದಂಡ ಹಾಕಿಸಬೇಕು ಎಂದರು. ಇನ್ನೊಬ್ಬ ಹಿರಿಯರು, ಕೊರೊನಾ ಕಾಲದಲ್ಲಿ ಮಾಡಿದ ಹಾಗೆ ಆ ಅಡ್ಡರಸ್ತೆಗೆ ಹೊರಗಿನವರು ಬಾರದಂತೆ ತಡೆ ಹಾಕೋಣ ಎಂದರು. ಮೂರೂ ಸಲಹೆಗಳ ಹಿಂದೆ ಇರುವುದು ಕಾಳಜಿಯೇ ಹೊರತು ಬೇರೇನಲ್ಲ. ಆದರೆ ಯಾವ ಕ್ರಮದಿಂದ ರೋಗ ನಿಜವಾಗಿ ಕಡಿಮೆಯಾಗುತ್ತದೆ, ಯಾವುದರಿಂದ ಏನೋ ಮಾಡಿದೆವೆಂಬ ಸಮಾಧಾನ ಮಾತ್ರ ಸಿಗುತ್ತದೆ ಎಂಬುದು ನನಗೆ ಸ್ಪಷ್ಟವಾಗಲಿಲ್ಲ. ನಾನು ಬ್ಯಾಂಕಿನಲ್ಲಿ ದುಡಿದವನು, ವೈದ್ಯಕೀಯ ತಿಳಿದವನಲ್ಲ. ನಿರ್ಧಾರಕ್ಕೆ ಒಂದು ವಾರ ಸಮಯ ಕೇಳಿಕೊಂಡಿದ್ದೇನೆ. ಈ ನಗರದಲ್ಲಿ ಸೋಂಕುರೋಗಗಳನ್ನು ಹತ್ತಿರದಿಂದ ಕಂಡವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ನಿವೃತ್ತ ಆರೋಗ್ಯ ನಿರೀಕ್ಷಕ, ರಾಜಾಜಿನಗರ

ಕಾರ್ಯದರ್ಶಿಗಳೇ, ಯಂತ್ರಕ್ಕೆ ಹಣ ಕೊಡುವ ಮೊದಲು ಕೇಳಿದಿರಿ, ಒಳ್ಳೆಯದಾಯಿತು. ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಈ ಕೆಲಸವನ್ನೇ ಮಾಡಿದ್ದೇನೆ. ಫಾಗಿಂಗ್ ಗಾಡಿಯ ಹಿಂದೆ ನಾನೇ ಎಷ್ಟೋ ಸಂಜೆ ನಡೆದಿದ್ದೇನೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಸೊಳ್ಳೆಯಲ್ಲ. ಅದು ಮನೆಯ ಸೊಳ್ಳೆ. ತಿಳಿನೀರಿನಲ್ಲಿ ಹುಟ್ಟಿ, ಹಗಲಿನಲ್ಲಿ ಕಚ್ಚಿ, ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಹಿಂದೆ, ಬೀರುವಿನ ಸಂದಿಯಲ್ಲಿ ಕುಳಿತು ಕಾಲ ಕಳೆಯುತ್ತದೆ. ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರುಗಳಾಚೆ ಹೋಗುವುದಿಲ್ಲ. ಹಾಗಾಗಿ ನಿಮ್ಮ ಅಡ್ಡರಸ್ತೆಯಲ್ಲಿ ನಾಲ್ಕು ಮನೆಗೆ ರೋಗ ಬಂದಿದೆ ಎಂದರೆ ಸೊಳ್ಳೆಯ ತೊಟ್ಟಿಲೂ ಅದೇ ಅಡ್ಡರಸ್ತೆಯಲ್ಲೋ ಅದರ ಹಿಂದಿನ ಸಾಲಿನಲ್ಲೋ ಇರುವ ಸಂಭವವೇ ಹೆಚ್ಚು.

ಬೀದಿಯಲ್ಲಿ ಹೊಗೆ ಹಾಕಿದಾಗ ಜನ ಏನು ಮಾಡುತ್ತಾರೆ? ಕಿಟಕಿ, ಬಾಗಿಲು ಮುಚ್ಚಿಕೊಳ್ಳುತ್ತಾರೆ. ಸೊಳ್ಳೆ ಒಳಗೇ ಉಳಿಯುತ್ತದೆ. ಹೊಗೆ ಕೊಲ್ಲುವುದು ಆ ಹೊತ್ತಿನಲ್ಲಿ ಅದರ ಹನಿಗೆ ಸಿಕ್ಕಿದ ರೆಕ್ಕೆ ಬಂದ ಸೊಳ್ಳೆಯನ್ನು ಮಾತ್ರ. ಮೊಟ್ಟೆಗೂ ಲಾರ್ವಾಗೂ, ಅಂದರೆ ನೀರಿನಲ್ಲಿರುವ ಮರಿಗೂ, ಅದರಿಂದ ಏನೂ ಆಗುವುದಿಲ್ಲ. ಕೆಲವೇ ದಿನಗಳಲ್ಲಿ ಹೊಸ ಪೀಳಿಗೆ ಎದ್ದು ಬರುತ್ತದೆ. ರೋಗಿಯ ಮನೆಯ ಒಳಗೂ ಸುತ್ತಲಿನ ಮನೆಗಳಲ್ಲೂ, ಆಗಲೇ ವೈರಸ್ ಹೊತ್ತಿರಬಹುದಾದ ಸೊಳ್ಳೆಗಳನ್ನು ತಕ್ಷಣ ತಗ್ಗಿಸಲು ಔಷಧಿ ಸಿಂಪಡಿಸುವುದಕ್ಕೆ ಅರ್ಥವಿದೆ. ಬಡಾವಣೆಯ ತುಂಬ ವಾರಕ್ಕೆರಡು ಸಲ ಹೊಗೆ ಬಿಡುವುದಕ್ಕೆ ಅಷ್ಟು ಅರ್ಥವಿಲ್ಲ.

ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ಎಲ್ಲ ಪಾತ್ರೆಗಳನ್ನೂ ಬರಿದು ಮಾಡಿ ಒಣಗಿಸಬೇಕೆಂದು ಹೇಳುವುದು ಈ ಲೆಕ್ಕದಿಂದಲೇ. ಒಂದು ಮಾತನ್ನು ಮಾತ್ರ ಎಲ್ಲರೂ ಮರೆಯುತ್ತಾರೆ: ಈಡಿಸ್ ಮೊಟ್ಟೆ ಇಡುವುದು ನೀರಿನೊಳಗಲ್ಲ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಗೋಡೆಗೆ. ಆ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರಬಲ್ಲದು. ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ನಾರಿನಿಂದ ಗಸಗಸನೆ ಉಜ್ಜಬೇಕು. ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ತಾರಸಿಯ ಮೇಲೆ ಬಿಟ್ಟ ಟೈರು, ಎಳನೀರಿನ ಬುರುಡೆ, ಮುಚ್ಚಳ ಒಡೆದ ಸಿಂಟೆಕ್ಸ್, ಕಟ್ಟುತ್ತಿರುವ ಮನೆಯ ಕಾಂಕ್ರೀಟು ಗಟ್ಟಿಯಾಗಲೆಂದು ನಿಲ್ಲಿಸಿದ ಕ್ಯೂರಿಂಗ್ ನೀರು, ಲಿಫ್ಟಿನ ಗುಂಡಿ, ಇಷ್ಟನ್ನು ಮೊದಲು ನೋಡಿ.

ಹಿರಿಯರು ಹೇಳಿದ ತಡೆಯ ವಿಚಾರ: ಡೆಂಗಿ ಮನುಷ್ಯನಿಂದ ಮನುಷ್ಯನಿಗೆ ಉಸಿರಿನಿಂದ ಅಂಟುವುದಿಲ್ಲ. ರಸ್ತೆ ಮುಚ್ಚಿ ಪ್ರಯೋಜನವಿಲ್ಲ. ಜ್ವರ ಬಂದವರು ಮೊದಲ ಐದಾರು ದಿನ ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಮಲಗುವುದರಿಂದ ಪ್ರಯೋಜನವಿದೆ, ಏಕೆಂದರೆ ಆ ದಿನಗಳಲ್ಲಿ ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ರೋಗ ಹರಡುತ್ತದೆ.

ಉತ್ತರ: ನಿವಾಸಿ, ಯಲಹಂಕ ಉಪನಗರ

ನಿರೀಕ್ಷಕರ ಅನುಭವವನ್ನು ಗೌರವಿಸುತ್ತೇನೆ, ಆದರೂ ನನ್ನ ಅಭಿಪ್ರಾಯ ಬೇರೆ. 2021ರ ಮೇ ತಿಂಗಳಿನಲ್ಲಿ ನನ್ನ ಅಣ್ಣನಿಗೆ ಆಮ್ಲಜನಕದ ಹಾಸಿಗೆಗಾಗಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದು, ಕೊನೆಗೆ ಆಂಬುಲೆನ್ಸಿನಲ್ಲಿಯೇ ಅವನನ್ನು ಕಳೆದುಕೊಂಡೆ. ಅದಕ್ಕೆ ಕೆಲವೇ ವಾರಗಳ ಹಿಂದೆ ಮದುವೆ, ಸಭೆ, ಸಂತೆ ಎಲ್ಲವೂ ನಡೆಯುತ್ತಿದ್ದವು. ಎಚ್ಚರಿಕೆಯ ಮಾತನ್ನು ಯಾರೂ ಕೇಳಲಿಲ್ಲ. ಏಪ್ರಿಲ್ 27ರ ರಾತ್ರಿ ಸರ್ಕಾರ ಬಿಗಿಯಾಗಿ ಎಲ್ಲವನ್ನೂ ಮುಚ್ಚಿದ ಮೇಲೆ, ಕೆಲವು ವಾರಗಳಲ್ಲಿ ಸೋಂಕು ಇಳಿಯಿತು. ಜನ ತಾವಾಗಿಯೇ ಪಾಲಿಸುತ್ತಾರೆ ಎಂದು ನಂಬಿ ಕುಳಿತರೆ ಹೆಣ ಎಣಿಸಬೇಕಾಗುತ್ತದೆ.

ಡೆಂಗಿಗೂ ಹಾಗೆಯೇ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗೆ 400 ರೂಪಾಯಿ, ಖಾಲಿ ನಿವೇಶನ ಮತ್ತು ಕಟ್ಟಡ ಕಾಮಗಾರಿಯ ಜಾಗಕ್ಕೆ 2,000 ರೂಪಾಯಿ ದಂಡ ನಿಗದಿ ಮಾಡಿತು. ಅದನ್ನು ತಪ್ಪದೆ ವಸೂಲು ಮಾಡಬೇಕು.

ಉತ್ತರ: ಗಣಿತ ಉಪನ್ಯಾಸಕಿ, ಜಯನಗರ

ಯಲಹಂಕದ ಸಹೋದರರೇ, ನಿಮ್ಮ ಅಣ್ಣನವರ ಸುದ್ದಿ ಓದಿ ಬಹಳ ನೋವಾಯಿತು. ನೀವು ಹೇಳಿದ್ದರಲ್ಲಿ ಒಂದು ಭಾಗ ಲೆಕ್ಕದಿಂದಲೂ ಸರಿ. ಇನ್ನೊಂದು ಭಾಗವನ್ನು ಬಿಡಿಸಿ ನೋಡಬೇಕಾಗಿದೆ.

ಒಬ್ಬ ಸೋಂಕಿತ ಸರಾಸರಿ ಎಷ್ಟು ಜನರಿಗೆ ರೋಗ ದಾಟಿಸುತ್ತಾನೆ ಎಂಬುದನ್ನು ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳೋಣ. ಉಸಿರಿನಿಂದ ಹರಡುವ ರೋಗದಲ್ಲಿ ಈ ಸಂಖ್ಯೆ ನಾಲ್ಕು ಅಂಶಗಳ ಗುಣಲಬ್ಧ: ದಿನಕ್ಕೆ ಎಷ್ಟು ಜನರ ಸಂಪರ್ಕ, ಪ್ರತಿ ಸಂಪರ್ಕದಲ್ಲಿ ಸೋಂಕು ದಾಟುವ ಸಂಭವ, ಎಷ್ಟು ದಿನ ಆತ ಸೋಂಕು ಹರಡುತ್ತಾನೆ, ಸಂಪರ್ಕಕ್ಕೆ ಬಂದವರಲ್ಲಿ ಎಷ್ಟು ಪಾಲು ಜನರಿಗೆ ರೋಗನಿರೋಧಕ ಶಕ್ತಿ ಇಲ್ಲ. ಲಾಕ್‌ಡೌನ್ ಮೊದಲನೆಯದನ್ನು ತಗ್ಗಿಸುತ್ತದೆ. ಮಾಸ್ಕು ಮತ್ತು ತೆರೆದ ಕಿಟಕಿ ಎರಡನೆಯದನ್ನು, ಬೇಗ ಪತ್ತೆಹಚ್ಚಿ ಪ್ರತ್ಯೇಕವಾಗಿ ಇರಿಸುವುದು ಮೂರನೆಯದನ್ನು, ಲಸಿಕೆ ನಾಲ್ಕನೆಯದನ್ನು ತಗ್ಗಿಸುತ್ತವೆ.

ಗುಣಲಬ್ಧ ಎಂಬ ಮಾತನ್ನು ನಾನು ತರಗತಿಯಲ್ಲೂ ಒತ್ತಿ ಹೇಳುತ್ತೇನೆ. ಒಬ್ಬ ಇಬ್ಬರಿಗೆ ಹರಡುವ ರೋಗವಿದೆ ಎನ್ನಿ. ಒಂದು ಕ್ರಮ ಶೇಕಡ 30ರಷ್ಟು ತಗ್ಗಿಸಿದರೆ ಅದು 1.4 ಆಗುತ್ತದೆ, ರೋಗ ಬೆಳೆಯುತ್ತಲೇ ಇರುತ್ತದೆ, ಜನ ಆ ಕ್ರಮ ವ್ಯರ್ಥ ಎನ್ನುತ್ತಾರೆ. ಅಷ್ಟೇ ಬಲದ ಇನ್ನೊಂದು ಕ್ರಮ ಸೇರಿದರೆ 0.98ಕ್ಕೆ ಇಳಿಯುತ್ತದೆ, ರೋಗ ಕುಗ್ಗಲು ಆರಂಭಿಸುತ್ತದೆ. ಯಾವ ಒಂದು ಕ್ರಮವೂ ಪರಿಪೂರ್ಣವಾಗಿರಬೇಕಿಲ್ಲ. ಒಂದರ ಮೇಲೊಂದು ಕೂಡಿ ಒಂದಕ್ಕಿಂತ ಕೆಳಗೆ ತಂದರೆ ಸಾಕು. ಆ ಗೆರೆಯ ಆಚೆ ಈಚೆಗಿನ ಅಂತರ ಎಷ್ಟೆಂದರೆ, 100 ರೋಗಿಗಳಿಂದ ಹೊರಟು ಸರಾಸರಿ 1.3ರಂತೆ ಹತ್ತು ಸುತ್ತು ಹರಡಿದರೆ ಹತ್ತನೆಯ ಸುತ್ತಿನಲ್ಲಿ ಸುಮಾರು 1,380 ಹೊಸ ರೋಗಿಗಳಾಗುತ್ತಾರೆ, 0.9ರಂತೆ ಹರಡಿದರೆ ಸುಮಾರು 35.

ಈಗ ನಿಮ್ಮ ಮಾತಿಗೆ ಬರುತ್ತೇನೆ. 2021ರಲ್ಲಿ ಎಲ್ಲವನ್ನೂ ಮುಚ್ಚಿದ್ದರಿಂದ ಸಂಪರ್ಕ ತಗ್ಗಿತು, ಅದರಿಂದ ಪ್ರಯೋಜನವಾಯಿತು ಎಂದೇ ನಾನೂ ತಿಳಿಯುತ್ತೇನೆ. ಸೋಂಕು ತಗುಲಿ ಗುಣವಾದವರ ಸಂಖ್ಯೆ ಹೆಚ್ಚಿದ್ದೂ ಇಳಿಕೆಗೆ ಸೇರಿತು. ಆದರೆ ನಾಲ್ಕು ದಿನಕ್ಕೊಮ್ಮೆ ಇಮ್ಮಡಿಯಾಗುವ ರೋಗದಲ್ಲಿ ಎಂಟು ದಿನ ತಡವಾದರೆ ಅದೇ ಕ್ರಮ ನಾಲ್ಕು ಪಟ್ಟು ರೋಗಿಗಳ ನಡುವೆ ಆರಂಭವಾಗುತ್ತದೆ. ನಿಮ್ಮ ಅಣ್ಣನವರಿಗೆ ಹಾಸಿಗೆ ಸಿಗದೆ ಹೋದದ್ದಕ್ಕೆ ಕ್ರಮದ ಬಿಗಿ ಕಡಿಮೆಯಾದದ್ದಕ್ಕಿಂತ ಅದು ಬಂದ ಹೊತ್ತು ಹೆಚ್ಚು ಕಾರಣವಿರಬಹುದು. ತುಸು ಮೊದಲೇ ಬಂದ ಹಗುರ ಕ್ರಮ, ತಡವಾಗಿ ಬಂದ ಕಠಿಣ ಕ್ರಮಕ್ಕಿಂತ ಹೆಚ್ಚು ಜೀವ ಉಳಿಸಬಲ್ಲದು.

ಡೆಂಗಿಯ ಲೆಕ್ಕದಲ್ಲಿ ಮನುಷ್ಯರ ಸಂಪರ್ಕದ ಜಾಗಕ್ಕೆ ಸೊಳ್ಳೆಯ ಸಂಖ್ಯೆ, ಅದು ಕಚ್ಚುವ ಪ್ರಮಾಣ ಮತ್ತು ಅದರ ಆಯಸ್ಸು ಬರುತ್ತವೆ. ಇಂಥ ಲೆಕ್ಕವನ್ನು ಮಲೇರಿಯಾಕ್ಕೆ ಮೊದಲು ಹಾಕಿದವರು ಬ್ರಿಟಿಷ್ ವಿಜ್ಞಾನಿ ರೊನಾಲ್ಡ್ ರಾಸ್. ಅವರು 1883ರಲ್ಲಿ ಇದೇ ಬೆಂಗಳೂರಿನ ದಂಡಿನಲ್ಲಿ (ಕಂಟೋನ್ಮೆಂಟಿನಲ್ಲಿ) ವೈದ್ಯರಾಗಿದ್ದರು. ತಮ್ಮ ಕೋಣೆಯಲ್ಲಿ ಸೊಳ್ಳೆ ವಿಪರೀತವೆಂದು ಹುಡುಕಿದಾಗ ಕಿಟಕಿಯ ಹೊರಗಿನ ತೊಟ್ಟಿಯ ನೀರಿನಲ್ಲಿ ಮರಿಗಳು ಕಂಡವು. ತೊಟ್ಟಿಯನ್ನು ಮಗುಚಿದ ಮೇಲೆ ಕಾಟ ತಗ್ಗಿತು. ಮಲೇರಿಯಾದ ರೋಗಾಣುವನ್ನು ಅವರು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದು ಅದಾಗಿ ಹದಿನಾಲ್ಕು ವರ್ಷಗಳ ಮೇಲೆ, 1897ರಲ್ಲಿ.

ಉತ್ತರ: ಹಳೆಯ ನಿವಾಸಿ, ಬಸವನಗುಡಿ

ರಾಸ್ ಅವರ ಮಾತು ಬಂದದ್ದರಿಂದ ಅದೇ ಕಾಲದ ಇನ್ನೊಂದು ಸಂಗತಿಯನ್ನು ಹೇಳಲೇಬೇಕೆನಿಸಿತು. ಕಠಿಣ ಕ್ರಮ ಎಲ್ಲಿ ತಿರುಗುಬಾಣವಾಗುತ್ತದೆ ಎಂಬುದಕ್ಕೆ ಈ ಊರಿನ ನೆಲದಲ್ಲಿಯೇ ಸಾಕ್ಷಿಯಿದೆ.

ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ರೈಲು ದಾರಿ ಹಿಡಿದು ಬೆಂಗಳೂರಿಗೆ ಬಂತು. ಆಗ 1897ರ ಸಾಂಕ್ರಾಮಿಕ ರೋಗ ಕಾಯಿದೆ ಹೊಸದಾಗಿ ಜಾರಿಯಲ್ಲಿತ್ತು. ರೈಲು ನಿಲ್ದಾಣದಲ್ಲಿ ತಪಾಸಣೆ, ಮನೆ ಹೊಕ್ಕು ಹುಡುಕುವುದು, ರೋಗಿಯನ್ನೂ ಮನೆಯವರನ್ನೂ ಬೇರ್ಪಡಿಸಿ ಊರ ಹೊರಗಿನ ಶಿಬಿರಕ್ಕೆ ಒಯ್ಯುವುದು, ಮನೆಯ ಹೆಂಚು ತೆಗೆಸಿ ಬಿಸಿಲು ಬೀಳಿಸುವುದು, ಎಲ್ಲವೂ ನಡೆದವು. ಜನ ಹೆದರಿ ರೋಗಿಗಳನ್ನೇ ಬಚ್ಚಿಟ್ಟರು. ಸತ್ತವರನ್ನು ರಾತ್ರೋರಾತ್ರಿ ಗುಟ್ಟಾಗಿ ಮಣ್ಣು ಮಾಡಿದರು. ಬಚ್ಚಿಟ್ಟ ರೋಗ ಎಲ್ಲಿದೆಯೆಂದು ಅಧಿಕಾರಿಗಳಿಗೆ ತಿಳಿಯದೆ ಹೋಯಿತು.

ನಮ್ಮ ಹಳ್ಳಿಗಳ ಜನ ಮಾತ್ರ ಬೇರೊಂದು ಕ್ರಮವನ್ನು ತಾವೇ ಕಂಡುಕೊಂಡಿದ್ದರು. ಇಲಿ ಸತ್ತು ಬಿತ್ತು ಎಂದು ಗೊತ್ತಾದ ಕೂಡಲೇ ಊರು ಬಿಟ್ಟು ತೋಟದಲ್ಲೋ ಬಯಲಿನಲ್ಲೋ ಗುಡಿಸಲು ಹಾಕಿಕೊಳ್ಳುತ್ತಿದ್ದರು. ನನ್ನ ಅಜ್ಜಿ ಹುಟ್ಟಿದ್ದು ಅಂಥ ಗುಡಿಸಲಿನಲ್ಲಿ. ಸತ್ತ ಇಲಿಯ ಮೈಬಿಟ್ಟ ಚಿಗಟ ಮನುಷ್ಯನನ್ನು ಹುಡುಕಿ ಬರುತ್ತದೆ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸೀಮಾಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರು. ವಿದ್ವಾಂಸರು ಅದನ್ನು ಒಪ್ಪಲು ಮತ್ತೂ ವರ್ಷಗಳು ಹಿಡಿದವು. ಚಿಗಟದ ವಿಷಯ ತಿಳಿಯದೆಯೂ ನಮ್ಮವರು ಹಿಡಿದ ದಾರಿ ರೋಗದ ದಾರಿಯನ್ನೇ ತಪ್ಪಿಸುವಂಥದ್ದಾಗಿತ್ತು. ಅದು ಅವರ ಕೈಯಲ್ಲಿ ಆಗುವಂಥದ್ದೂ ಆಗಿತ್ತು, ಏಕೆಂದರೆ ಹೋಗಲು ಬಯಲಿತ್ತು, ಜೊತೆಗೆ ಇಡೀ ಊರೇ ಹೊರಡುತ್ತಿತ್ತು.

ಮುಂದೆ ಸರ್ಕಾರವೂ ಕಲಿಯಿತು. ಆ ಮೊದಲೇ ಯೋಜನೆಯಾಗಿದ್ದ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳಿಗೆ ಪ್ಲೇಗಿನಿಂದ ವೇಗ ಬಂತು. ನೇರ ಅಡ್ಡರಸ್ತೆಗಳು, ಮನೆಯ ಸುತ್ತ ಗಾಳಿ ಬೆಳಕಿಗೆ ಜಾಗ, ಮನೆಗಳ ಹಿಂಬದಿಯಲ್ಲಿ ನೈರ್ಮಲ್ಯದ ಕೆಲಸಕ್ಕೆಂದೇ ಬಿಟ್ಟ ಕಿರುಗಲ್ಲಿಗಳು, ಇವೆಲ್ಲ ಆ ಕಾಲದ ಎಚ್ಚರದ ಗುರುತುಗಳು. ಕೆಲವು ವರ್ಷಗಳ ನಂತರ ದಂಡಿನ ಕಡೆ ಫ್ರೇಜರ್ ಟೌನ್ ಕಟ್ಟಿದಾಗ ಇಲಿ ನುಸುಳದಂಥ ಮನೆಗಳನ್ನೇ ಉದ್ದೇಶಪೂರ್ವಕವಾಗಿ ಯೋಜಿಸಿದರು. ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆಯಿತು. ಈ ಕ್ರಮಗಳಿಗೆ ಪೊಲೀಸರು ಬೇಕಾಗಲಿಲ್ಲ. ಸಂಜೆ ಆ ಕಿರುಗಲ್ಲಿಗಳಲ್ಲಿ ಕಾರು ನಿಲ್ಲಿಸಿರುವುದನ್ನೂ ಕಸ ಸುರಿದಿರುವುದನ್ನೂ ಕಂಡಾಗ ನನಗೆ ಸಂಕಟವಾಗುತ್ತದೆ. ಅವು ಯಾತಕ್ಕೆ ಹುಟ್ಟಿದವು ಎಂಬುದನ್ನೇ ಮರೆತಿದ್ದೇವೆ.

ಉತ್ತರ: ಆಶಾ ಕಾರ್ಯಕರ್ತೆ, ಲಗ್ಗೆರೆ

ನಮಸ್ಕಾರ. ಬಸವನಗುಡಿಯ ಹಿರಿಯರು ಬರೆದದ್ದನ್ನು ಓದಿ ನನಗೆ 2020 ನೆನಪಾಯಿತು. ಸೋಂಕು ಬಂದ ಮನೆಯ ಮುಂದೆ ಪಟ್ಟಿ ಕಟ್ಟಿ, ಚೀಟಿ ಅಂಟಿಸಿ, ಬೀದಿಯವರೆಲ್ಲ ನಿಂತು ನೋಡುವಾಗ ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ಮರುದಿನದಿಂದ ಆ ಬೀದಿಯಲ್ಲಿ ಯಾರಿಗೂ ಜ್ವರವೇ ಇರಲಿಲ್ಲ! ಕೇಳಿದರೆ ಎಲ್ಲರೂ ಚೆನ್ನಾಗಿದ್ದೇವೆ ಎನ್ನುತ್ತಿದ್ದರು. ಔಷಧಿ ಅಂಗಡಿಯಲ್ಲಿ ಮಾತ್ರ ಜ್ವರದ ಮಾತ್ರೆ ಮುಗಿಯುತ್ತಿತ್ತು. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಹದಿನಾಲ್ಕು ದಿನ ಮನೆಯಲ್ಲಿದ್ದರೆ ಆ ತಿಂಗಳ ಬಾಡಿಗೆ ಯಾರು ಕೊಡುತ್ತಾರೆ? ಅವರು ಹಟದಿಂದ ಬಚ್ಚಿಡಲಿಲ್ಲ. ಮನೆಗೆ ರೇಷನ್ ತಲುಪಿಸಿದ ಕಡೆ, ಮನೆಯಲ್ಲೇ ಇದ್ದು ಗುಣವಾಗಬಹುದು ಎಂದು ತಿಳಿಸಿ ಹೇಳಿದ ಕಡೆ, ಅದೇ ಜನ ತಾವಾಗಿಯೇ ಬಂದು ಪರೀಕ್ಷೆ ಮಾಡಿಸಿಕೊಂಡರು.

ಈಗ ಡೆಂಗಿಯ ವಿಷಯ. ನಾನು ನೋಡಿಕೊಳ್ಳುವ ವಠಾರಗಳಲ್ಲಿ ಹತ್ತು ಮನೆಗೆ ಒಂದು ನಲ್ಲಿ. ನೀರು ದಿನ ಬಿಟ್ಟು ದಿನ ಬರುತ್ತದೆ. ಯಾವ ಹೊತ್ತಿಗೆ ಎಂದು ಮೊದಲೇ ತಿಳಿಯುವುದಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದು ಕುಳಿತಾಗ ಪ್ರತಿ ಮನೆಯಲ್ಲೂ ಎರಡು ಡ್ರಮ್ಮು ಹೆಚ್ಚಾದವು. ಅದೇ ವರ್ಷ ಮಳೆ ಶುರುವಾಗುತ್ತಿದ್ದಂತೆ ಡೆಂಗಿ ಏರಿತು. ಅಂಥ ಮನೆಯ ಮುಂದೆ ನಿಂತು, ಹಣ ಕೊಟ್ಟು ತುಂಬಿಸಿದ ನೀರನ್ನು ವಾರಕ್ಕೊಮ್ಮೆ ಚೆಲ್ಲಿಬಿಡಿ ಅಮ್ಮ ಎನ್ನಲು ನನಗೆ ಬಾಯಿ ಬರುವುದಿಲ್ಲ. 400 ರೂಪಾಯಿ ದಂಡ ಎಂದರೆ ಅವರಿಗೆ ಒಂದು ದಿನದ ಕೂಲಿ. ದಂಡದ ಮಾತು ಎತ್ತಿದ ದಿನದಿಂದ ನನಗೆ ಬಾಗಿಲೇ ತೆರೆಯುವುದಿಲ್ಲ. ಒಳಗಿನ ಡ್ರಮ್ಮು ನೋಡುವುದು ಹೇಗೆ?

ನಾವು ಮಾಡಿದ್ದನ್ನು ಹೇಳುತ್ತೇನೆ. ಹಳೆಯ ಪಂಚೆ ಅಥವಾ ಸೀರೆಯ ತುಂಡನ್ನು ಎರಡು ಮಡಿಕೆ ಮಾಡಿ ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಕಟ್ಟಿಸಿದೆವು. ಸಡಿಲವಾಗಿ ಮುಚ್ಚಿದ ತಟ್ಟೆಯ ಸಂದಿಯಲ್ಲಿ ಸೊಳ್ಳೆ ಹೋಗುತ್ತದೆ, ಬಟ್ಟೆಯಲ್ಲಿ ಹೋಗುವುದಿಲ್ಲ. ನೀರು ತಳ ಕಂಡ ದಿನ, ಹೊಸ ನೀರು ತುಂಬುವ ಮೊದಲು, ಒಳಗೆ ಉಜ್ಜುವಂತೆ ಹೇಳಿದೆವು. ಬರಿದು ಮಾಡಲಾಗದ ನೆಲದಡಿಯ ನೀರಿನ ತೊಟ್ಟಿಗೆ (ಸಂಪು) ಆರೋಗ್ಯ ಕೇಂದ್ರದಿಂದ ಲಾರ್ವಾ ಕೊಲ್ಲುವ ಟೆಮಿಫಾಸ್ ಔಷಧಿ ಹಾಕಿಸಿದೆವು. ಲಾರ್ವಾ ಕಂಡರೆ ಗದರಿಸದೆ, ಒಂದು ಲೋಟದಲ್ಲಿ ಹಿಡಿದು ಮನೆಯ ಮಕ್ಕಳಿಗೆ ತೋರಿಸುತ್ತೇನೆ. ಮುಂದಿನ ವಾರ ಮಕ್ಕಳೇ ನನ್ನನ್ನು ಕರೆದುಕೊಂಡು ಹೋಗಿ, ಆಂಟಿ, ಇಲ್ಲಿ ಇದೆ ನೋಡಿ ಎನ್ನುತ್ತಾರೆ.

ಉತ್ತರ: ನಿವಾಸಿ, ಯಲಹಂಕ ಉಪನಗರ

ಆಶಾ ಸಹೋದರಿಯವರ ಮಾತನ್ನು ಎರಡು ಸಲ ಓದಿದೆ. ವಠಾರದ ಮನೆಗೆ ದಂಡ ಬೇಡ ಎಂಬುದನ್ನು ಒಪ್ಪುತ್ತೇನೆ. ಆದರೆ ವರ್ಷಗಟ್ಟಲೆ ಖಾಲಿ ಬಿಟ್ಟ ನಿವೇಶನ, ಬೇಸ್‌ಮೆಂಟಿನಲ್ಲಿ ನೀರು ನಿಂತ ಅಪಾರ್ಟ್‌ಮೆಂಟ್ ಕಾಮಗಾರಿ, ಇವುಗಳ ಮಾಲೀಕರಿಗೆ ಪಾಲಿಸುವ ಶಕ್ತಿಯಿದೆ, ಮನಸ್ಸಿಲ್ಲ. ಅಲ್ಲಿ 2,000 ರೂಪಾಯಿಯೂ ಕಡಿಮೆಯೇ. ಅಲ್ಲಿ ದಂಡ ಇರಲೇಬೇಕು.

ಉತ್ತರ: ಆಶಾ ಕಾರ್ಯಕರ್ತೆ, ಲಗ್ಗೆರೆ

ಅದು ಸರಿ ಅಣ್ಣ. ಅಲ್ಲಿಗೆ ನಮ್ಮನ್ನು ಒಳಗೇ ಬಿಡುವುದಿಲ್ಲ.

ಉತ್ತರ: ಮಕ್ಕಳ ವೈದ್ಯೆ, ಹೆಬ್ಬಾಳ

ಡೆಂಗಿಯ ಬಗ್ಗೆ ಹೇಳಬೇಕಾದದ್ದನ್ನು ಹೆಚ್ಚಾಗಿ ಹೇಳಿದ್ದೀರಿ. ವೈದ್ಯೆಯಾಗಿ ಒಂದು ಮಾತು ಸೇರಿಸುತ್ತೇನೆ: ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ, ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ಜ್ವರ ಬಿಟ್ಟ ದಿನವೇ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ ಅಥವಾ ಮಂಪರು ಕಂಡರೆ ಒಂದು ಗಂಟೆಯನ್ನೂ ಕಳೆಯದೆ ಆಸ್ಪತ್ರೆಗೆ ಬನ್ನಿ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಮ್ಮೆ ಬಂದು ಹೋದವರಿಗೆ ಬೇರೆ ಬಗೆಯದು ಬಂದರೆ ಉಲ್ಬಣವಾಗುವ ಸಂಭವ ಹೆಚ್ಚು. ಗುಣವಾದ ಹುಡುಗನನ್ನೂ ಸೊಳ್ಳೆಯಿಂದ ಕಾಪಾಡಬೇಕು.

ಜನ ಬರುವುದಿಲ್ಲ, ಬಚ್ಚಿಡುತ್ತಾರೆ ಎಂಬ ದೂರಿಗೆ ನಮ್ಮದೇ ರಾಜ್ಯದ ಒಂದು ಉತ್ತರವಿದೆ. ನಮ್ಮ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಯಿತು. ಅಲ್ಲಿನ ಸಂಶೋಧಕರು 1960ರ ದಶಕದ ಆರಂಭದಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿದಾಗ, ಅರ್ಧದಷ್ಟು ಮಂದಿ ಕೆಮ್ಮಿಗೆಂದು ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದಿದ್ದರು; ಕೆಮ್ಮಿನ ಔಷಧಿ ಕೊಟ್ಟು ಅವರನ್ನು ಕಳಿಸಲಾಗಿತ್ತು. ರೋಗಿ ಬಂದಿದ್ದ, ನೋಡಬೇಕಾದವರು ನೋಡಿರಲಿಲ್ಲ. ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಕಫ ಪರೀಕ್ಷೆ ಮಾಡುವ ಪದ್ಧತಿ ದೇಶದಲ್ಲಿ ಬೇರೂರಲು ಇಂಥ ಅಧ್ಯಯನಗಳೇ ಆಧಾರವಾದವು. ಕ್ಷಯದಲ್ಲಿ ಸರಿಯಾದ ಔಷಧಿ ಆರಂಭವಾದ ಕೆಲವೇ ವಾರಗಳಲ್ಲಿ ಹರಡುವಿಕೆ ಬಹಳ ತಗ್ಗುತ್ತದೆ. ಅಲ್ಲಿ ರೋಗಿಗೆ ಬೇಗ ಔಷಧಿ ಕೊಡುವುದೇ ಊರಿಗೆ ಮಾಡುವ ರಕ್ಷಣೆ. ದಡಾರಕ್ಕೆ ಬೇರೆ ದಾರಿ: ನಿರೋಧಕ ಶಕ್ತಿಯಿಲ್ಲದ ಜನರ ನಡುವೆ ಒಬ್ಬ ರೋಗಿ 12ರಿಂದ 18 ಜನರಿಗೆ ಹರಡಬಲ್ಲ ರೋಗವಾದ್ದರಿಂದ ಶೇಕಡ 95ರಷ್ಟು ಮಕ್ಕಳಿಗೆ ಎರಡೂ ಡೋಸ್ ಲಸಿಕೆ ಆಗದೆ ಬೇರೆ ಯಾವ ಕ್ರಮವೂ ಸಾಲದು. ಊರಿಂದೂರಿಗೆ ಕೆಲಸ ಹುಡುಕಿಕೊಂಡು ಬಂದು ಕಟ್ಟಡದ ಶೆಡ್ಡುಗಳಲ್ಲಿ ಇರುವವರ ಮಕ್ಕಳೇ ನಮ್ಮ ಪಟ್ಟಿಯಿಂದ ತಪ್ಪಿಹೋಗುತ್ತಾರೆ. ಕಾರ್ಯದರ್ಶಿಗಳು ಕಾಮಗಾರಿ ಜಾಗಗಳಿಗೆ ಹೋಗುವುದಾದರೆ ಆ ಮಕ್ಕಳ ಲಸಿಕೆ ದಾಖಲಿಸುವ ತಾಯಿ ಕಾರ್ಡನ್ನೂ ದಯವಿಟ್ಟು ಕೇಳಿ ನೋಡಿ.

ಚರ್ಚೆ ಆರಂಭಿಸಿದವರು: ನಿವಾಸಿಗಳ ಸಂಘದ ಕಾರ್ಯದರ್ಶಿ, ವಿದ್ಯಾರಣ್ಯಪುರ

ಎಲ್ಲರ ಬರಹಗಳನ್ನೂ ಮುದ್ರಿಸಿಕೊಂಡು ನಿನ್ನೆಯ ಸಭೆಯಲ್ಲಿ ಓದಿದೆ. ಯಂತ್ರ ಕೊಳ್ಳುವ ವಿಚಾರವನ್ನು ಕೈಬಿಟ್ಟೆವು. ರೋಗ ಕಂಡ ನಾಲ್ಕು ಮನೆಗಳ ಸುತ್ತ ಮನೆಯೊಳಗೆ ಸಿಂಪಡಿಸಲು ಪಾಲಿಕೆಯ ಆರೋಗ್ಯ ಸಿಬ್ಬಂದಿಯನ್ನು ಕೋರಿದ್ದೇವೆ.

ನಿರೀಕ್ಷಕರು ಹೇಳಿದಂತೆ ಇಂದು ಬೆಳಿಗ್ಗೆ ನಾವು ಆರು ಜನ ಅಡ್ಡರಸ್ತೆಯ ಮತ್ತು ಹಿಂದಿನ ಸಾಲಿನ ಮನೆಗಳನ್ನು ನೋಡಿ ಬಂದೆವು. ಹೆಚ್ಚು ಲಾರ್ವಾ ಸಿಕ್ಕಿದ್ದು ಎರಡು ಕಡೆ. ಒಂದು, ಅರ್ಧಕ್ಕೆ ನಿಂತ ಕಟ್ಟಡದ ಲಿಫ್ಟಿನ ಗುಂಡಿ. ಇನ್ನೊಂದು, ಮಾಲೀಕರು ವಿದೇಶದಲ್ಲಿರುವ ಬೀಗ ಹಾಕಿದ ಮನೆಯ ತಾರಸಿಯಲ್ಲಿ ಮುಚ್ಚಳ ಹಾರಿಹೋದ ಟ್ಯಾಂಕು. ಪಕ್ಕದ ಮನೆಯ ತಾರಸಿಯಿಂದ ಅದು ಕಾಣಿಸಿತು. ಡೆಂಗಿಯಾದ ಹುಡುಗನ ಕೋಣೆಯ ಕಿಟಕಿಗೂ ಆ ಟ್ಯಾಂಕಿಗೂ ಮೂವತ್ತು ಹೆಜ್ಜೆಗಳಷ್ಟೂ ದೂರವಿಲ್ಲ.

ಕಟ್ಟಡದ ಮಾಲೀಕರಿಗೆ ಲಿಖಿತವಾಗಿ ತಿಳಿಸಿದ್ದೇವೆ. ಮೂರು ದಿನದಲ್ಲಿ ನೀರು ತೆಗೆಸದಿದ್ದರೆ ದಂಡಕ್ಕೆ ದೂರು ಕೊಡುತ್ತೇವೆ. ಅಲ್ಲಿನ ಶೆಡ್ಡಿನಲ್ಲಿ ಮೂವರು ಸಣ್ಣ ಮಕ್ಕಳಿದ್ದಾರೆ, ಇಬ್ಬರಿಗೆ ತಾಯಿ ಕಾರ್ಡೇ ಇಲ್ಲ. ಗುರುವಾರದ ಲಸಿಕೆಗೆ ಸಂಘದ ಸದಸ್ಯೆಯೊಬ್ಬರು ಅವರನ್ನು ಕರೆದೊಯ್ಯಲು ಒಪ್ಪಿದ್ದಾರೆ. ಠೇವಣಿ ಹಣದಲ್ಲಿ ಒಂದು ಪಾಲನ್ನು ಟ್ಯಾಂಕಿನ ಮುಚ್ಚಳಗಳಿಗೂ ಬಟ್ಟೆಗೂ ಇಟ್ಟಿದ್ದೇವೆ. ನೀರು ಬಿಡುವ ಹೊತ್ತನ್ನು ಹಿಂದಿನ ರಾತ್ರಿಯೇ ತಿಳಿಸಬೇಕೆಂದು ವಾಲ್ವ್‌ಮನ್ ಅವರನ್ನು ಕೇಳಿಕೊಂಡಿದ್ದೇವೆ. ಹೊತ್ತು ಖಚಿತವಾದರೆ ಡ್ರಮ್ಮು ಕಡಿಮೆಯಾಗುತ್ತವೆ ಎಂದು ಹಿಂದಿನ ಸಾಲಿನ ಹೆಂಗಸರೇ ಹೇಳಿದರು. ಬೀಗ ಹಾಕಿದ ಮನೆಯ ಮಾಲೀಕರೊಂದಿಗೆ ಫೋನಿನಲ್ಲಿ ಮಾತನಾಡಿದೆ. ಬೀಗದ ಕೈ ಅವರ ಸಂಬಂಧಿಕರ ಬಳಿ ಇದೆ, ನಾಳೆ ಬೆಳಿಗ್ಗೆ ತಂದುಕೊಡುತ್ತಾರಂತೆ.